ಸುರೇಬಾನದ ದ್ರಾಕ್ಷಿ, ದೊಡ್ಡವ್ವನ ಮೊಣಕಾಲು

ನೌಕರಿ ಅಂದಮ್ಯಾಲೆ ಫಜೀತಿ ನಡಕೋತನ ಇರತಾವ್ರಿ. ಅದರಾಗೂ ತೋಟಗಾರಿಕಿ ಇಲಾಖೆ ಅಂದ್ರ ಕೇಳಬ್ಯಾಡ್ರಿ. ಪೊಲೀಸರನ್ನ ಕಂಡ್ರ ಮಂದಿ ಅಂಜತಾರ, ಊರ ಲೆಕ್ಕ ಬರಿಯೋ ತಲಾಠಿನ್ನ ಕಂಡ್ರ ಕುರ್ಚಿ ಹಾಕತಾರ, ನಮ್ಮನ್ನ ಕಂಡ್ರ ಮಾತ್ರ ನಿಂಬಿ ಸಸಿ ಪುಕ್ಕಟೆ ಕೊಡತೀರೇನು ಅಂತ ಕೇಳತಾರ.

ಈಗೀಗ ಪೇಪರಿನ್ಯಾಗ ನಮ್ಮ ದೇಶದ ವೈನು ಎಲ್ಲಿ ಹುಟ್ಟಿತು, ಹ್ಯಾಂಗ ಬೆಳೀತು ಅಂತ ಉದ್ದುದ್ದ ಲೇಖನ ಬರತಾವು. ಸೂಟು ಹಾಕ್ಕೊಂಡು ಗ್ಲಾಸು ಸೊಟ್ಟ ಹಿಡಿದು ಮೂಸಿ ನೋಡೋ ಮಂದಿ ಫೋಟೋನೂ ಇರತಾವು. ಓದಿದ್ರ ನನಗ ಖರೇನ ಸಿಟ್ಟು ಬರತೈತಿ. ಎಪ್ಪತ್ತರ ದಶಕದಾಗ ರಾಮದುರ್ಗ ತಾಲೂಕಿನ ಸುರೇಬಾನದಾಗ ಒಂದು ಕತ್ತಲ ಖೋಲಿಯೊಳಗ ಏನು ನಡೀತು ಅನ್ನೋದನ್ನ ಒಬ್ಬರೂ ಒಂದು ಸಾಲು ಬರಿಯೂದಿಲ್ಲ. ಬರಿಯಾಕ ಅವರಿಗೆ ಗೊತ್ತಿರಬೇಕಲ್ಲ? ಗೊತ್ತಿದ್ದಾವ ನಾ ಒಬ್ಬನ ಉಳಿದೇನಿ. ಹಂಗಾಗಿ ನಾನ ಬರಿಯಾಕ ಕುಂತೇನಿ.

ಕಿತ್ತೂರಿನ ಭಾಷಣ

ಆಗ ನಾ ಬೈಲಹೊಂಗಲದಾಗ ತೋಟಗಾರಿಕಿ ಸಹಾಯಕ. ನಮ್ಮ ಸಾಹೇಬ್ರು ಮೈಸೂರು ಕಡೆಯವರು, ಹೊಸದಾಗಿ ವರ್ಗ ಆಗಿ ಬಂದಿದ್ರು. ಪಾಪ, ಭಾಳ ಓದಿದವರು. ಎಲ್ಲೋ ಒಂದು ಪುಸ್ತಕದಾಗ ಹೊರದೇಶದವರು ದ್ರಾಕ್ಷಿ ಬೆಳದು, ವೈನು ಮಾಡಿ, ಉದ್ಧಾರ ಆದದ್ದನ್ನ ಓದಿಬಿಟ್ಟಿದ್ರು. ನಮ್ಮ ಕರಿ ಮಣ್ಣಿನ ರೈತರನ್ನೂ ಹಂಗ ಉದ್ಧಾರ ಮಾಡಬೇಕು ಅಂತ ಅವರ ತಲ್ಯಾಗ ಹೊಕ್ಕಿತು.

ಕಿತ್ತೂರಿನ್ಯಾಗ ರೈತರ ಸಭೆ ಕರದ್ರು. ಸಭಾಕ್ಕ ಬಂದವರು ಬಹುತೇಕ ಇಭೂತಿ ಹಚ್ಚಿದ ಹಿರ್ಯಾರು, ಚಹಾನ ಜಾಸ್ತಿ ಆತು ಅನ್ನೋ ಮಂದಿ. ಅಂಥವರ ಮುಂದ ನಮ್ಮ ಸಾಹೇಬ್ರು ಒಂದು ತಾಸು ವೈನಿನ ಗುಣಗಾನ ಮಾಡಿದ್ರು. ಅದು ದಾರೂ ಅಲ್ಲ, ಊಟದ ಜೋಡಿ ತಗೊಳ್ಳೋ ಪದಾರ್ಥ, ಹೃದಯಕ್ಕ ಛಲೋ, ರಕ್ತಕ್ಕ ಛಲೋ ಅಂದ್ರು. ಹಿರ್ಯಾರು ಗೋಣು ಹಾಕಿದ್ರು. ಕಡೀಕ ಒಬ್ಬ ಅಜ್ಜಾರು ಎದ್ದು ನಿಂತು, ಸಾಹೇಬ್ರು ದಿನಾ ಎಷ್ಟು ತಗೋತೀರಿ ಅಂತ ಭಾಳ ಗೌರವದಿಂದ ಕೇಳಿದ್ರು.

ಸಾಹೇಬ್ರ ಮಾರಿ ಕೆಂಪಾತು. ತಾವು ಹುಟ್ಟಿದಾಗಿಂದ ಮುಟ್ಟಿಲ್ಲ, ಕಣ್ಣಿಲೆ ಸುದ್ದಾ ನೋಡಿಲ್ಲ ಅಂತ ಆಣಿ ಮಾಡಿದ್ರು. ಅಜ್ಜಾರು ಅವರನ್ನ ಬಿಡಬೇಕಲ್ಲ.

"ಹೋದ ವರ್ಷ ಯೂರಿಯಾ ಹಾಕ್ರಿ ಅಂದ್ರಿ. ಅದನ್ನೂ ನೀವು ತಿಂದು ನೋಡಿದ್ದಿಲ್ಲ, ಆದ್ರೂ ನಂಬಿದ್ವಿ. ಯಾಕಂದ್ರ ಅದನ್ನ ತಿನ್ನಾವ್ರು ನಾವೂ ಇದ್ದಿಲ್ಲ."

ಬಳ್ಳಿಗೆ ಅರಿಷಿಣ

ಆ ಸಭೆಯಾಗಿಂದ ಸಿಕ್ಕಾವ್ರು ಒಬ್ಬರ, ಸುರೇಬಾನದ ಸಾವಕಾರ್ರು. ಐವತ್ತು ದಾಟಿದ ಮನುಷ್ಯಾ, ದಪ್ಪ ಮೀಸಿ, ಆದ್ರ ಮನಸು ಬೆಣ್ಣಿ. ಜ್ವಾಳ, ಶೇಂಗಾ ಬೆಳದು ಬೆಳದು ಬ್ಯಾಸರಾಗೇತಿ, ಹೊಸಾದು ಏನರೆ ಮಾಡೂಣು ಅಂದ್ರು. ನಾನ ಬೆನ್ನು ಹತ್ತಿ ಹುರುಪು ತುಂಬಿದೆ. ಬಾವಿ ನೀರಿನ ಮ್ಯಾಲೆ ಒಂದು ಎಕರೆ ಕಪ್ಪು ದ್ರಾಕ್ಷಿ ಹಚ್ಚಿದ್ವಿ.

ಹೊಲ ಮಾತ್ರ ಸಾವಕಾರ್ರ ತಾಯಿ ಹೆಸರಿಲೆ ಇತ್ತು. ಇಡೀ ಊರು ಅವರಿಗೆ ದೊಡ್ಡವ್ವ ಅಂತಿತ್ತು. ದಿನಾ ಲಿಂಗಪೂಜಿ ಮುಗಿಸದ ನೀರು ಸುದ್ದಾ ಕುಡಿಯಾಕಿ ಅಲ್ಲ. ಅಕಿ ಮೊದಲನ ಮಾತು ಮುಗಿಸಿಬಿಟ್ಟಿದ್ಲು: ದ್ರಾಕ್ಷಿ ಹಚ್ಚರಿ, ತಿನ್ರಿ, ಮಾರ್ರಿ. ಆದ್ರ ಅದರಿಂದ ದಾರೂ ಮಾಡಾಕತ್ತಾರ ಅಂತ ಸರಕಾರದ ಮನುಷ್ಯಾ ಒಬ್ಬ ಬಂದು ಹೇಳಿದ ದಿನ ಬಳ್ಳಿ ಬುಡಸಮೇತ ಕೀಳಸಿ ಜ್ವಾಳ ಬಿತ್ತಸ್ತೇನಿ. ದೊಡ್ಡವ್ವ ಹೇಳಿದ್ದನ್ನ ಮಾಡದ ಬಿಟ್ಟದ್ದು ಆ ಊರಾಗ ಯಾರಿಗೂ ನೆನಪಿಲ್ಲ.

ಬಳ್ಳಿ ಹಂದರಕ್ಕ ಹಬ್ಬಿ ಛಲೋ ಬಂತು. ಸಾವಕಾರ್ರು ಮುಂಜಾನಿ ಎದ್ದ ಕೂಡ್ಲೆ ಅದರ ಕೆಳಗ ಹೋಗಿ ಕುಂದರತಿದ್ರು, ಚಹಾನೂ ಅಲ್ಲೇ. ಚಾಟ್ನಿ ಮಾಡೋ ಹೊತ್ತು ಬಂತು. ಚಾಟ್ನಿ ಅಂದ್ರ ಹಳೇ ಕಡ್ಡಿ ಕತ್ತರಸೂದು, ಅಂದ್ರನ ಹೊಸ ಚಿಗರಿನ್ಯಾಗ ಹಣ್ಣು ಬಿಡತಾವು. ನಾ ಕತ್ರಿ ತಗೊಂಡು ಹಸರು ಬಳ್ಳಿ ಕಚಕಚ ಕತ್ತರಸಾಕ ಹತ್ತಿದ್ದ ನೋಡಿ ದೊಡ್ಡವ್ವ ಮೊಣಕಾಲು ನೋವು ಮರತು, ಎದಿ ಹಿಡಕೊಂಡು ಓಡಿ ಬಂದ್ಲು. ಕತ್ತರಿಸಿದ ತುದಿಯಾಗ ನೀರು ಹನಿಹನಿ ಸೋರತಿತ್ತು. ಬಳ್ಳಿ ಅಳಾಕತ್ತೇತಿ ಅಂದ್ಲು. ಅದು ಸಹಜ ಐತ್ರಿ ಅಂತ ಎಷ್ಟು ಹೇಳಿದ್ರೂ ಕೇಳಲಿಲ್ಲ. ಅರಿಷಿಣಾ ಎಣ್ಣ್ಯಾಗ ಕಲಸಿ ತಂದು ಒಂದೊಂದ ತುದಿಗೆ ಹಚ್ಚಿದ್ಲು. ಮಕ್ಕಳ ಕಾಲು ಕೆತ್ತಿದ್ರ ಹಚ್ಚತಾರಲ್ಲ, ಹಂಗ.

ಎರಡು ದಿನ ಬಿಟ್ಟು ಸಾಹೇಬ್ರು ಬಂದ್ರು. ಹಳದಿ ತುದಿ ನೋಡಿ ಕಣ್ಣು ಅಗಲ ಮಾಡಿ ಡೈರಿಯಾಗ ಬರಕೊಂಡ್ರು. ಮುಂದಿನ ತಿಂಗಳ ಎಲ್ಲಾ ಸಹಾಯಕರಿಗೂ ಒಂದು ಸುತ್ತೋಲೆ ಬಂತು: ಚಾಟ್ನಿ ಆದಮ್ಯಾಲೆ ಬಳ್ಳಿ ತುದಿಗೆ ಅರಿಷಿಣ ಲೇಪ ಹಚ್ಚಬೇಕು, ಇದು ಪ್ರಯೋಗದಿಂದ ಕಂಡುಕೊಂಡ ಪದ್ಧತಿ ಐತಿ ಅಂತ. ನಾ ಅದನ್ನ ಒಯ್ದು ದೊಡ್ಡವ್ವಗ ಓದಿ ಹೇಳಿದೆ. ಅಕಿ ಕಡೀತನಕಾ ಕೇಳಿ ಅಸಮಾಧಾನದಿಂದ ಅಂದ್ಲು:

"ಹಚ್ಚೂಮುಂದ 'ನೋಯ್ತೇನವ್ವ' ಅಂತ ಕೇಳಬೇಕು. ಅದನ್ನ ಬರದಿಲ್ಲಲ್ಲಪಾ."

ನೆಟ್ಟಗ ನಡದ ಎತ್ತು

ಮೊದಲನೇ ಬೆಳಿ ಬಂತು. ಗೊಂಚಲಿಗೇನು ಕಡಿಮಿ ಇಲ್ಲ, ಆದ್ರ ಹುಳಿ. ರಾಮದುರ್ಗದ ಸಂತ್ಯಾಗ ಒಂದು ಬಾಯಿಗೆ ಹಾಕ್ಕೊಂಡಾವ್ರು ಎರಡನೇದಕ್ಕ ಕೈ ಚಾಚಲಿಲ್ಲ. ಹುಳಿ ಆದ್ರ ವೈನಿಗೆ ಭಾಳ ಛಲೋ ಅಂತ ಸಾಹೇಬ್ರು ಹಿಗ್ಗಿದ್ರು. ದೊಡ್ಡವ್ವಗ ಮಾತ್ರ ದ್ರಾಕ್ಷಿ ರಸಾ ಹಿಂಡಿ ಇಡತೇವಿ ಅಂತಷ್ಟ ಹೇಳಿದ್ವಿ. ಅದು ಸುಳ್ಳೇನು ಅಲ್ಲ.

ಹಿಂಡೂದು ಹ್ಯಾಂಗ? ಸಾಹೇಬ್ರ ಪುಸ್ತಕದಾಗ ಆ ದೇಶದ ಮಂದಿ ದೊಡ್ಡ ತೊಟ್ಟಿಯೊಳಗ ದ್ರಾಕ್ಷಿ ಸುರುವಿ, ಕಾಲು ತೊಳಕೊಂಡು ಇಳದು, ಹಾಡು ಹಾಡಕೋತ ತುಳೀತಾರ ಅಂತ ಇತ್ತು. ಕೂಲಿ ಮಂದಿಗೆ ಹೇಳಿದ್ರ ಒಬ್ಬರೂ ಒಪ್ಪಲಿಲ್ಲ. ತಿನ್ನೋ ಪದಾರ್ಥಕ್ಕ ಕಾಲು ಹಚ್ಚೂದಂದ್ರ ಏನ್ರಿ, ಅಪ್ಪಿತಪ್ಪಿ ಕಾಲು ತಾಗಿದ್ರ ನಾವು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋ ಮಂದಿ. ದೊಡ್ಡವ್ವಗ ಸುದ್ದಿ ಮುಟ್ಟಿತು. ಆ ದೇಶದ ಮಂದಿಗೆ ದೇವರು ಕೈ ಕೊಟ್ಟಿಲ್ಲೇನು ಅಂತ ಕೇಳಿ ಒಳಗ ಹೋದ್ಲು.

ಆಗ ಸಾವಕಾರ್ರಿಗೆ ಗಾಣ ನೆನಪಾತು. ಊರಾಗ ಕುಸುಬಿ ಎಣ್ಣಿ ತಗಿಯೋ ಗಾಣ ಒಂದಿತ್ತು. ಎಣ್ಣಿ ಹಿಂಡೂದಾದ್ರ ದ್ರಾಕ್ಷಿ ಯಾಕ ಹಿಂಡಬಾರದು? ನನಗೂ ಖರೆ ಅನಿಸಿತು. ಗಾಣ ಸೀಗಿಕಾಯಿ ಹಾಕಿ ತಿಕ್ಕಿ ತೊಳಸಿ, ದ್ರಾಕ್ಷಿ ಹಾಕಿ ಎತ್ತು ಸುತ್ತಿಸಿದ್ವಿ. ರಸಾ ದೊಡ್ಡ ಮಣ್ಣಿನ ಹರವಿಗೆ ತುಂಬಿ ಕತ್ತಲ ಖೋಲ್ಯಾಗ ಇಟ್ಟು, ಒಂದು ತಿಂಗಳ ದಾರಿ ಕಾಯ್ದ್ವಿ. ತಿಂಗಳಾದಮ್ಯಾಲೆ ಮುಚ್ಚಳ ತಗದ್ರ ಮ್ಯಾಲೆ ಒಂದು ಬಟ್ಟು ದಪ್ಪ ಕುಸುಬಿ ಎಣ್ಣಿ ತೇಲಾಕತ್ತಿತ್ತು. ಗಾಣಕ್ಕ ಮೂವತ್ತು ವರ್ಷದಿಂದ ಹಿಡಿದ ಎಣ್ಣಿ ಸೀಗಿಕಾಯಿಗೆ ಬಿಡತೈತೇನು? ಸಾವಕಾರ್ರು ಒಂದು ಗುಟುಕು ಕುಡದು, ಇದಕ್ಕ ಉಳ್ಳಾಗಡ್ಡಿ ಒಗ್ಗರಣಿ ಒಂದು ಕಡಿಮಿ ಆಗೇತಿ ಅಂದ್ರು. ನಗಿಸಾಕ ಅಂದದ್ದು, ಆದ್ರ ಅವರ ಮಾರಿ ನೋಡಾಕ ಆಗತಿದ್ದಿಲ್ಲ. ಇಡೀ ವರ್ಷದ ಬೆಳಿ ಗಟಾರಕ್ಕ ಹೋತು.

ಇದಕ್ಕಿಂತ ದೊಡ್ಡ ಫಜೀತಿ ಗಾಣದವಂದು. ಹಿಂಡಿದ ದ್ರಾಕ್ಷಿ ಸಿಪ್ಪಿ ಅಂವ ಅಲ್ಲೇ ಬುಟ್ಟ್ಯಾಗ ಬಿಟ್ಟಿದ್ದ. ನಾಕು ದಿನಕ್ಕ ಅದು ಹುಳಿತು, ಬುರುಗು ಬಂತು. ಎತ್ತು ಬಗ್ಗಿ ಎಲ್ಲಾ ತಿಂದು ಮುಗಿಸಿತು. ಆಮ್ಯಾಲೆ ಹೆಗಲ ಮ್ಯಾಲಿನ ನೊಗ ಕಿತ್ಕೊಂಡು ಬಜಾರದಾಗ ಗಂಭೀರವಾಗಿ ಹೊಂಟುಬಿಟ್ಟಿತು. ಹಿಡಕೊಂಡು ಬರಾಕ ನಾಕು ಮಂದಿ ಬೇಕಾತು. ಗಾಣದವ ನನ್ನ ಮುಂದ ಬಂದು ಜಗಳಾ ತಗೀತಾನು ಅಂತ ಅಂಜಿದ್ದೆ. ಅಂವ ಬಂದಾವ ಭಾಳ ಆಶ್ಚರ್ಯದಿಂದ ಹೇಳಿದ:

"ಹನ್ನೆರಡು ವರ್ಷದಿಂದ ಗುಂಡಗ ಸುತ್ತತಿತ್ರಿ. ನಿನ್ನೆ ಮೊದಲನೇ ಸಲ ನೆಟ್ಟಗ ನಡೀತು."

ಯರಗಟ್ಟಿ ಬಸ್ಸು

ಎರಡನೇ ವರ್ಷ ಗಾಣದ ಸುದ್ದಿ ಬ್ಯಾಡ ಅಂತ ಹೆಣ್ಣಮಕ್ಕಳ ಕಡಿಂದ ಕೈಲೆ ಹಿಸುಕಿಸಿ, ಅರಿವ್ಯಾಗ ಸೋಸಿ, ಸವದತ್ತಿಯಿಂದ ತಂದ ಹೊಸಾ ಹರವ್ಯಾಗ ಇಟ್ವಿ. ಈ ಸಲ ರಸಾ ಗುಳುಗುಳು ಅಂತ ಮಾತಾಡಾಕತ್ತಿತು. ವಾಸನಿನೂ ಬ್ಯಾರೇನ ಬಂತು. ಸಾವಕಾರ್ರ ಮಾರಿ ಮ್ಯಾಲೆ ಕಳಿ ಬಂತು. ಒಂದು ಬಾಟ್ಲಿ ಸ್ಯಾಂಪಲ್ ತಗೊಂಡು ಬಾ ಅಂತ ಸಾಹೇಬ್ರು ಹೇಳಿ ಕಳಿಸಿದ್ರು.

ಹಳೇ ಔಷಧದ ಬಾಟ್ಲಿ ತೊಳದು ತುಂಬಿ, ಬೂಚು ಜಡದು, ಮ್ಯಾಲೆ ಸುತ್ತಲಿ ಹಗ್ಗ ಬಿಗದು, ಟಾವೆಲ್ಲಿನ್ಯಾಗ ಸುತ್ತಿ ಎದಿಗೆ ಅವಚಿಕೊಂಡು ರಾಮದುರ್ಗದಾಗ ಯರಗಟ್ಟಿ ಬಸ್ಸು ಹತ್ತಿದೆ. ರಸಾ ಇನ್ನೂ ಒಳಗ ಕುದೀತಿರತೈತಿ, ಗಾಳಿ ಹೋಗಾಕ ದಾರಿ ಬಿಡಬೇಕು ಅನ್ನೋದು ನನಗ ಗೊತ್ತಿದ್ದಿಲ್ಲ. ಆಗಿನ ರಸ್ತಾ, ಆಗಿನ ಬಸ್ಸು. ಒಂದೊಂದು ತಗ್ಗಿಗೂ ಬಾಟ್ಲಿ ಎದಿಮ್ಯಾಲೆ ಕುಣೀತಿತ್ತು. ಯರಗಟ್ಟಿ ಇನ್ನೂ ಒಂದು ಹರದಾರಿ ಇರಬೇಕು, ಢಬ್ ಅಂತು ನೋಡ್ರಿ. ಬೂಚು ಹೋಗಿ ಬಸ್ಸಿನ ಮಾಳಿಗಿಗೆ ಬಡೀತು, ರಸಾ ಕಾರಂಜಿ ಆಗಿ ಸುತ್ತ ನಾಕು ಸೀಟಿನ ಮಂದಿ ಬಿಳೇ ಧೋತ್ರ, ರುಮಾಲು ಎಲ್ಲಾ ನೇರಳಿ ಬಣ್ಣ ಮಾಡಿತು.

ಡ್ರೈವರ್ ಬಸ್ಸು ನಿಲ್ಲಿಸಿದ. ಎಲ್ಲಾರೂ ನನ್ನ ಕಡೆ ನೋಡಿದ್ರು. ಕಂಡಕ್ಟರ್ ಮೂಗು ಅರಳಿಸಿ, ಇದೇನು ಅಂತ ಕೇಳಿದ. ಮುಂದಿನ ಸೀಟಿನ್ಯಾಗ ಒಬ್ಬ ಮುದಕಿ ಊರೋ ಬಡಿಗಿ ಬಾಜೂಕ ಇಟ್ಟು ಮೊಣಕಾಲು ನೀವಿಕೋತ ಕುಂತಿದ್ದು ಕಣ್ಣಿಗೆ ಬಿತ್ತು. ಸರಕಾರಿ ಔಷಧರಿ, ಮೊಣಕಾಲು ನೋವಿಂದು ಅಂದುಬಿಟ್ಟೆ.

ಬೈಸಿಕೊಳ್ಳಾಕ ತಯಾರಾಗಿ ನಿಂತಿದ್ದೆ. ಆದ್ರ ಬಸ್ಸಿನ್ಯಾಗ ಅರ್ಧ ಮಂದಿಗೆ ಮೊಣಕಾಲು ನೋವು ಇತ್ತು ಕಾಣತೈತಿ. ಸರಕಾರಿ ಔಷಧ ಹಾಳಾಗಬಾರದು ಅಂತ ಒಬ್ಬರು ಧೋತ್ರ ಹಿಂಡಿ ತಿಕ್ಕೊಂಡ್ರು, ಇನ್ನೊಬ್ಬರು ಸೀಟಿನ ಮ್ಯಾಲಿಂದು ಬಳಕೊಂಡ್ರು. ಆ ಮುದಕಿ ಮಾತ್ರ ಬಾಟ್ಲಿ ಈ ಕಡೆ ಕೊಡು ಅಂತ ಕಸಗೊಂಡು, ತಳದಾಗ ಉಳಿದದ್ದನ್ನ ಗಟಗಟ ಕುಡದುಬಿಟ್ಲು. ಹಚ್ಚಿಕೊಳ್ಳೂದಕಿಂತ ಒಳಗ ಹೋದ್ರ ಲಗೂನ ಮುಟ್ಟತೈತಿ ಅಂದ್ಲು.

ಯರಗಟ್ಟಿ ಬಂತು. ಮುದಕಿ ಎದ್ದು, ಸೀರಿ ಸರಿ ಮಾಡಿಕೊಂಡು, ಹಾಡಕೋತ ಇಳದು ಹೋದ್ಲು. ಬಡಿಗಿ ಬಸ್ಸಿನ್ಯಾಗ ಉಳೀತು.

ಸರ್ಟಿಫಿಕೇಟು

ಆ ಬಸ್ಸಿನ ವಾಸನಿ ಎರಡು ಕಡೆ ಮುಟ್ಟಿತು. ಒಂದು, ಸುರೇಬಾನಕ್ಕ. ಆ ಮುದಕಿ ದೊಡ್ಡವ್ವನ ಬೀಗತಿ ಅಂತ, ಸಾವಕಾರ್ರ ದ್ರಾಕ್ಷಿ ಹೊಲಕ್ಕ ಬರೋ ಸರಕಾರಿ ಮನುಷ್ಯಾ ನಾನ ಅಂತ ಗುರ್ತು ಹಿಡದಿದ್ಲು. ನಿಮ್ಮ ಮನ್ಯಾಗ ಇಂಥಾ ಔಷಧ ಇಟ್ಕೊಂಡು ಮೊಣಕಾಲು ನೋವು ಅಂತ ಯಾಕ ಕುಂತೀಯವ್ವ ಅಂತ ಹೇಳಿ ಕಳಿಸಿದ್ಲು. ಎರಡನೇದು, ಅಬಕಾರಿ ಇನ್ಸ್‌ಪೆಕ್ಟರ್ ಮೂಗಿಗೆ. ಲೈಸನ್ಸ್ ಇಲ್ಲದ ದ್ರಾಕ್ಷಿ ದಾರೂ ಮಾಡಾಕತ್ತಾರ ಅಂತ ಸುದ್ದಿ ಬಂದೈತಿ, ಗುರುವಾರ ತಪಾಸಣಿಗೆ ಬರತೇನಿ ಅಂತ ಅವರು ನಿರೋಪ ಕಳಿಸಿದ್ರು. ಸ್ಯಾಂಪಲ್ ಸಿಗದ ನಮ್ಮ ಸಾಹೇಬ್ರೂ ಅದ ಗುರುವಾರ ರುಚಿ ನೋಡಾಕ ಬರತೇನಿ ಅಂದ್ರು.

ಈಗ ನೋಡ್ರಿ ನನ್ನ ಹಣೇಬರಹ. ನಮ್ಮ ಸಾಹೇಬ್ರಿಗೆ ಅದು ವೈನು ಆಗಿರಬೇಕು. ಇನ್ಸ್‌ಪೆಕ್ಟರಿಗೆ ವೈನು ಕಂಡ್ರ ಜಪ್ತಿ. ಇನ್ಸ್‌ಪೆಕ್ಟರ್ ದಾರೂ ಅಂದ್ರ ದೊಡ್ಡವ್ವ ಬಳ್ಳಿ ಕೀಳಸ್ತಾಳು. ಬುಧವಾರ ಸಂಜಿಕ ಸಾವಕಾರ್ರು ಹಂದರದ ಕೆಳಗ ಕುಂತು ನನಗ ಅಂದ್ರು, "ಬಳ್ಳಿ ಹೋದ್ರ ನಾ ಮತ್ತ ಈ ಹೊಲದಾಗ ಕಾಲು ಇಡೂದಿಲ್ಲಪಾ." ಅವರ ಕಣ್ಣಾಗ ನೀರು ಬಂದಿತ್ತು. ಈ ಹುಚ್ಚು ಹಿಡಿಸಿದಾವ ನಾನ ಅಲ್ಲೇನು.

ಗುರುವಾರ ಮೊದಲು ಬಂದಾವ್ರು ನಮ್ಮ ಸಾಹೇಬ್ರು. ಹರವಿ ಪಡಸಾಲಿಗೆ ತರಸಿದ್ವಿ. ಅವರು ವಾಟಗ ಎತ್ತಿ, ಕಣ್ಣು ಮುಚ್ಚಿ, ದೇವರನ್ನ ನೆನೆಸಿ ಒಂದು ಗುಟುಕು ತಗೊಂಡ್ರು. ಆಮ್ಯಾಲೆ ಎರಡು ವಾಟಗ. ತಲೆ ತಿರುಗುತ್ತಿದೆ ಕಣಯ್ಯಾ ಅಂದು ಹೊರಸಿನ ಮ್ಯಾಲೆ ಒರಗಿದ್ರು. ನನ್ನ ಕೈ ಹಿಡಕೊಂಡು ನೀನು ನನ್ನ ತಮ್ಮನಿದ್ದ ಹಾಗೆ ಅಂದ್ರು. ಒಂದು ಭಜನಿ ಎತ್ತಿಕೊಂಡ್ರು. ಅಷ್ಟರಾಗ ಇನ್ಸ್‌ಪೆಕ್ಟರ್ ಬಾಗಲಾಗ ಬಂದು ನಿಂತ್ರು. ನಾ ಖಾಲಿ ವಾಟಗ ಬೆನ್ನ ಹಿಂದ ಮುಚ್ಚಿದೆ, ಆದ್ರ ಏನು ಬಂತು? ಸಾಕ್ಷಿ ಹೊರಸಿನ ಮ್ಯಾಲೆ ಮಲಗಿ ಹಾಡಾಕತ್ತಿತ್ತಲ್ಲ.

ಇನ್ಸ್‌ಪೆಕ್ಟರ್ ಭಾಳ ಕಟ್ಟುನಿಟ್ಟಿನ ಮನುಷ್ಯಾ. ತೊರಗಲ್ ಕಡೆ ಬಣವಿಯೊಳಗ ಹುಗದಿಟ್ಟ ಸಾರಾಯಿ ಹಿಡದು ಹೆಸರು ಮಾಡಿದವರು. ಕೊರಳಾಗ ತುಳಸಿ ಮಾಲಿ, ಉಳ್ಳಾಗಡ್ಡಿ ಸುದ್ದಾ ತಿಂತಿದ್ದಿಲ್ಲ. ಜೀವಮಾನದಾಗ ಒಂದು ಹನಿ ದಾರೂ ಬಾಯಿಗೆ ಹಾಕಿದವರಲ್ಲ. ಅವರ ಹತ್ರ ಒಂದು ಗಾಜಿನ ನಳಿಗಿ ಇತ್ತು. ದಾರೂ ಇದ್ರ ಅದು ಮುಳಗತೈತಿ, ಇಲ್ಲದಿದ್ರ ತೇಲತೈತಿ. ಹರವಿಯೊಳಗಿಂದು ತಗದು ನಳಿಗಿ ಬಿಟ್ರು. ನಾ ಕಣ್ಣು ಮುಚ್ಚಿದೆ. ಕಣ್ಣು ತಗದ್ರ ನಳಿಗಿ ಎದ್ದು ನಿಂತು ತೇಲಾಕತ್ತಿತ್ತು. ಅವರು ಮತ್ತೊಮ್ಮೆ ಬಿಟ್ರು. ಮತ್ತ ತೇಲಿತು.

"ಇದರಾಗ ಏನೂ ಇಲ್ರಿ. ಇದು ಬೆಲ್ಲದ ಪಾನಕ," ಅಂದ್ರು ಇನ್ಸ್‌ಪೆಕ್ಟರ್.

ಹೊರಸಿನ ಮ್ಯಾಲಿನ ಭಜನಿ ನಡುವ ನಿಂತಿತು. ಸಾಹೇಬ್ರು ಎದ್ದು ಕುಂತು, ಕನ್ನಡಕಾ ಏರಿಸಿಕೊಂಡು, ನನ್ನ ಕೈ ಬಿಟ್ರು. ಅಷ್ಟು ಲಗೂನ ನಿಶಾ ಇಳಿದದ್ದನ್ನ ನಾ ಮತ್ತ ಎಲ್ಲೂ ನೋಡಿಲ್ಲ.

ಆಗಿದ್ದು ಏನಂದ್ರ, ಅಬಕಾರಿಯವರು ಬರತಾರ ಅಂತ ಕೇಳಿದ ಕೂಡ್ಲೆ ದೊಡ್ಡವ್ವ ಯಾರಿಗೂ ಹೇಳದ ಇಡೀ ಹರವಿ ರಸಾ ಕೊಪ್ಪರಿಗ್ಯಾಗ ಸುರುವಿ, ಬೆಲ್ಲಾ ಹಾಕಿ ಎರಡು ತಾಸು ಕುದಿಸಿ, ತಿರುಗಿ ಹರವ್ಯಾಗ ತುಂಬಿಟ್ಟಿದ್ಲು. ನಿಶಾ ಎಲ್ಲಾ ಹಬಿಯಾಗಿ ಹಾರಿಹೋಗಿತ್ತು. ಬಂದ ಸಾಹೇಬ್ರಿಗೆ ಹುಳಿ ಹ್ಯಾಂಗ ಕೊಡಾಕ ಆಗತೈತಿ ಅಂತ ನನಗ ಕೇಳಿದ್ಲು. ಬಳ್ಳಿ ಉಳದ್ವು ಅಂತ ಸಾವಕಾರ್ರಿಗೆ ಸಮಾಧಾನ, ಎರಡು ವರ್ಷದ ದುಡಿತ ಪಾನಕ ಆತು ಅಂತ ದುಃಖ. ಯಾವ ಕಡೆ ಮಾರಿ ಮಾಡಬೇಕು ಅಂತ ಅವರಿಗೆ ತಿಳೀಲಿಲ್ಲ.

ಊಟಕ್ಕ ಕುಂತ್ರು. ದೊಡ್ಡವ್ವ ಸಂತೋಷಕ್ಕ ಹೋಳಿಗಿ ಮಾಡಿದ್ಲು. ಇನ್ಸ್‌ಪೆಕ್ಟರ್ ಎಲಿಗೆ ಬ್ಯಾಡ ಅಂದಷ್ಟೂ ಬಿತ್ತು, ಮ್ಯಾಲೆ ತುಪ್ಪ. ಕಡೀಕ ಅವರು ಹೊಟ್ಟಿ ಹಿಡಕೊಂಡು ಗ್ವಾಡಿಗೆ ಒರಗಿದ್ರು. ದೊಡ್ಡವ್ವ ತಾಯಿ ಕರಳಿನಾಕಿ. ಒಳಗ ಹೋಗಿ ಒಂದು ಭರಣಿ ತಂದ್ಲು. ಇದು ನನ್ನ ಮೊಣಕಾಲಿನ ಔಷಧ, ಶುಂಠಿ ಯಾಲಕ್ಕಿ ಹಾಕೇನಿ, ಹೊಟ್ಟಿಗೂ ಹಗುರ ಆಗತೈತಿ ಅಂದು ವಾಟಗ ತುಂಬಿದ್ಲು. ಆ ವಾಸನಿ ನನ್ನ ಮೂಗಿಗೆ ಬಡೀತು. ಬಸ್ಸಿನ್ಯಾಗ ಬಡದ ವಾಸನಿ ಅದ. ಕುದಿಸೂಕಿಂತ ಮೊದಲು ಮೊಣಕಾಲಿಗೆ ಅಂತ ತಗದಿಟ್ಟ ಅಸಲಿ ಮಾಲು.

ಬಾಯಿ ತಗದು ಹೇಳಿದ್ರ ಬಳ್ಳಿ ಹೋದ್ವು. ಹೇಳದಿದ್ರ ಅವರು ಕುಡೀತಾರ. ನಾ ಸಾವಕಾರ್ರ ಕಡೆ ನೋಡಿದೆ, ಸಾವಕಾರ್ರು ಮಾಳಿಗಿ ಕಡೆ ನೋಡಿದ್ರು. ಅಷ್ಟರಾಗ ಮೊದಲನೇ ವಾಟಗ ಖಾಲಿ ಆತು. ಔಷಧ ಭಾಳ ರುಚಿ ಐತಿ ತಾಯಿ ಅಂದು ಇನ್ಸ್‌ಪೆಕ್ಟರ್ ಎರಡನೇದು ಕೇಳಿದ್ರು. ಮೂರನೇದು ತಾವ ತುಂಬಿಕೊಂಡ್ರು. ನಾಕನೇದಕ್ಕ ಟೋಪಿಗಿ ತಗದು ಸಾವಕಾರ್ರ ತಲಿಮ್ಯಾಲೆ ಇಟ್ಟು, ಇಷ್ಟು ಹಗುರ ತಮಗ ಹುಟ್ಟಿದಾಗಿಂದ ಆಗಿದ್ದಿಲ್ಲ ಅಂದ್ರು. ದೊಡ್ಡವ್ವನ ಕಾಲಿಗೆ ಬಿದ್ದು, ನಮ್ಮವ್ವ ಹಿಂಗ ಇದ್ಲು ಅಂತ ಅತ್ತುಬಿಟ್ರು. ನಮ್ಮ ಸಾಹೇಬ್ರು ಈ ಸಲ ಯಾವುದಕ್ಕೂ ಮೋಸ ಹೋಗಬಾರದು ಅಂತ ದೂರ ಕುಂತು, ಏನಾಗಿದೆ ಇವರಿಗೆ ಅಂತ ನನ್ನ ಕಿವ್ಯಾಗ ಕೇಳಿದ್ರು. ಹೋಳಿಗಿ ಜಾಸ್ತಿ ಆಗೇತ್ರಿ ಅಂದೆ.

ದೊಡ್ಡವ್ವಗ ಮಾತ್ರ ಕೆಲಸದ ಮ್ಯಾಲೆ ಧ್ಯಾನ. ಇದು ದಾರೂ ಅಲ್ಲ ಅಂತ ಸರಕಾರದ ಕಾಗದ ಬೇಕು ಅಂದ್ಲು. ಹರವ್ಯಾಗಿಂದು ಅಷ್ಟ ಅಲ್ಲ, ಭರಣ್ಯಾಗಿಂದೂ ಸೇರಿಸಿ ಬರೀರಿ, ನಾಳೆ ಯಾರೂ ಒಂದು ಮಾತು ಅನಬಾರದು. ಇನ್ಸ್‌ಪೆಕ್ಟರ್ ಭಾಳ ಪ್ರೀತಿಯಿಂದ ಕುಂತು ಬರದ್ರು. ಸದರಿ ಮನ್ಯಾಗಿನ ಹರವಿ ಮತ್ತು ಭರಣಿಯೊಳಗಿನ ದ್ರಾಕ್ಷಿ ರಸದಾಗ ಯಾವುದೇ ಮಾದಕ ಅಂಶ ಇರುವುದಿಲ್ಲ, ಭರಣಿಯೊಳಗಿಂದನ್ನ ಸ್ವತಃ ಸೇವಿಸಿ ಖಾತ್ರಿ ಮಾಡಿಕೊಳ್ಳಲಾಗಿದೆ ಅಂತ. ಮೊದಲನೇ ಸಾಲು ಕಾಗದದ ತಲಿಯಾಗ ಹುಟ್ಟಿ ಕಾಲಾಗ ಮುಗೀತು. ಸಹಿ ಅರ್ಧ ಕಾಗದದ ಮ್ಯಾಲೆ, ಅರ್ಧ ಕೆಳಗಿನ ಕಟಗಿ ಮಣಿ ಮ್ಯಾಲೆ ಬಿತ್ತು. ಸಿಕ್ಕಾ ಒಂದು ಕಾಗದಕ್ಕ ಒತ್ತಿದ್ರು, ಒಂದು ನಮ್ಮ ಸಾಹೇಬ್ರ ಅಂಗಿ ತೋಳಿಗೆ ಒತ್ತಿದ್ರು.

ಅವರನ್ನ ಚಕ್ಕಡ್ಯಾಗ ಮಲಗಿಸಿ ಬಸ್ ಸ್ಟ್ಯಾಂಡಿಗೆ ಕಳಿಸಿದ್ವಿ. ದೊಡ್ಡವ್ವ ಸರ್ಟಿಫಿಕೇಟು ಕಣ್ಣಿಗೆ ಒತ್ತಿಕೊಂಡು ಮಗನಿಗೆ ಹೇಳಿದ್ಲು, ಬಾವಿ ಆಚಿ ಕಡೆ ಇನ್ನೊಂದು ಎಕರೆ ದ್ರಾಕ್ಷಿ ಹಚ್ಚು, ಊರಾಗ ಎಲ್ಲಾರ ಮೊಣಕಾಲೂ ನೋಯ್ತಾವು ಅಂತ. ಸಾವಕಾರ್ರು ತಲಿ ಮ್ಯಾಲಿನ ಇನ್ಸ್‌ಪೆಕ್ಟರ್ ಟೋಪಿಗಿ ಸುದ್ದಾ ತಗೀದ ಹಂದರದ ಕಡೆ ಓಡಿದ್ರು. ನನಗೂ ಕಣ್ಣಾಗ ನೀರು ಬಂತು, ನಗಿನೂ ಬಂತು.

ಆದ್ರೂ ಮನಸು ತಡೀಲಿಲ್ಲ. ದೊಡ್ಡವ್ವ ಒಬ್ಬಾಕಿ ಇದ್ದಾಗ ಸಾವಕಾಶ ಕೇಳಿದೆ, ಇನ್ಸ್‌ಪೆಕ್ಟರ್ ಹಂಗ ನಗೂದು, ಅಳೂದು, ನಡ್ಯಾಕ ಬಾರದ್ದು ಎಲ್ಲಾ ನೋಡಿ ನಿಮಗ ಏನೂ ಸಂಶೆ ಬರಲಿಲ್ಲೇನ್ರಿ ದೊಡ್ಡವ್ವಾರ ಅಂತ.

ಅಕಿ ಭರಣಿಗೆ ಬಿಗಿಯಾಗಿ ಅರಿವಿ ಕಟ್ಟಿಕೋತ ಅಂದ್ಲು:

"ಅದರಾಗೇನೈತಿ ತಮ್ಮಾ? ನನಗೂ ಮೊದಲನೇ ದಿನ ಹಿಂಗ ಆಗಿತ್ತು. ನಾಕು ದಿನ ತಗೊಂಡ್ರ ರೂಢಿ ಆಗತೈತಿ."